ಮೂರು ಚುಕ್ಕಿಯ ಸಾಧನೆ

ಬಿ.ಎಸ್ಸಿ. ಕೊನೆಯ ವರ್ಷದ ಬೀಜಗಣಿತದಲ್ಲಿ ನಾನು ಮೂರು ಅಂಕಗಳಿಂದ ಫೇಲಾದೆ. ಉಳಿದದ್ದೆಲ್ಲ ಪಾಸು. ಈ ಒಂದು ಪೇಪರ್ ದಾಟದಿದ್ದರೆ ಬಿ.ಎಡ್. ಸೀಟಿಗೆ ಅರ್ಜಿ ಹಾಕುವಂತಿರಲಿಲ್ಲ, ಟೀಚರ್ ಆಗುವ ಮಾತಂತೂ ದೂರ. ಉತ್ತರ ಪತ್ರಿಕೆಯ ನಕಲು ತರಿಸಿದೆ. ಐದು ಅಂಕದ ಒಂದು ಪ್ರಶ್ನೆಗೆ ದೊಡ್ಡ ಸೊನ್ನೆ ಸುತ್ತಿದ್ದರು.

ಪ್ರಶ್ನೆ ಇಷ್ಟೇ: ಒಂದು ಕ್ಷೇತ್ರದಲ್ಲಿ aᵐ × aⁿ = aᵐ⁺ⁿ ಎಂದು ಸಾಧಿಸಿ. ಕ್ಷೇತ್ರ ಅಂದರೆ, ಕೂಡುವ ಗುಣಿಸುವ ನಿಯಮಗಳನ್ನೆಲ್ಲ ಮೊದಲೇ ಬರೆದಿಟ್ಟಿರುವ ಸಂಖ್ಯೆಗಳ ಗುಂಪು. ಬರೆದಿಲ್ಲದ್ದನ್ನು ಅಲ್ಲಿ ಬಳಸುವಂತಿಲ್ಲ. ನಾನು m ಸಲ a ಬರೆದು, n ಸಲ a ಬರೆದು, ನಡುನಡುವೆ ಮೂರು ಮೂರು ಚುಕ್ಕಿ ಇಟ್ಟು, ಒಟ್ಟು m+n ಸಲ ಆಯಿತು ಎಂದು ಮುಗಿಸಿದ್ದೆ. ಪಕ್ಕದಲ್ಲಿ ಪರೀಕ್ಷಕರು ಕೆಂಪು ಶಾಯಿಯಲ್ಲಿ ಬರೆದಿದ್ದರು: "ಚುಕ್ಕಿ ಸಾಧನೆಯಲ್ಲ."

ನನಗೆ ಮೈಯೆಲ್ಲ ಉರಿಯಿತು. ಏಳನೆಯ ತರಗತಿಯ ಹುಡುಗರಿಗೂ ಗೊತ್ತಿರುವ ವಿಷಯಕ್ಕೆ ಇಷ್ಟು ಬಿಗುಮಾನ ಯಾಕೆ?

ನಮ್ಮಪ್ಪ ಹೊಳಿಯಪ್ಪ ಗೌಂಡಿ. ಆಗ ಕುಕನೂರಿನಲ್ಲಿ ಹಂಪಣ್ಣನವರ ಗೋದಾಮಿನ ಗೋಡೆ ಕಟ್ಟುತ್ತಿದ್ದ. ಮನೆಯಲ್ಲಿ ಕೂತು ಯಾರನ್ನೋ ಬೈಯುವುದಕ್ಕಿಂತ ಕೆಲಸಕ್ಕೆ ಬಾ ಎಂದು ಕರೆದುಕೊಂಡು ಹೋದ. ಊಟದ ಹೊತ್ತಿಗೆ ನಾನು ಉಸುಕಿನ ಮೇಲೆ ಚುಕ್ಕಿ ಇಟ್ಟು ನನಗಾದ ಅನ್ಯಾಯವನ್ನು ವಿವರಿಸಿದೆ.

"ಈ ಚುಕ್ಕಿ ಅಂದ್ರ ಏನಬೇ?" ಎಂದ.

"ಹಿಂಗ ಮುಂದುವರಿತೈತಿ ಅಂತ."

"ಮುಂದುವರಿಸಿದವರು ಯಾರು?"

ನಾನು ಉಸುಕಿನ ಮೇಲೆ ಇನ್ನೊಂದು ಚುಕ್ಕಿ ಇಟ್ಟೆ.

"ನಾನೂ ಮೂರು ಸಾಲು ಇಟ್ಟಂಗಿ ಇಟ್ಟು, ಮ್ಯಾಲ ಚುಕ್ಕಿ ಇಟ್ಟು, ತಗಡು ಹೊದಿಸಿ ಬರ್ಲೇನು? ಹಂಪಣ್ಣಾರು ಒಪ್ಪತಾರೇನು ಕೇಳು." ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ತಮಾಷೆ ಮಾಡಿದಂತೆ ಕಾಣಲಿಲ್ಲ.

ಮಧ್ಯಾಹ್ನ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಸಿಮೆಂಟು ಹಾಕುವ ಮೊದಲೇ ಉಸುಕಿಗೆ ನೀರು ಸುರಿದುಬಿಟ್ಟೆ. ಒಣ ಉಸುಕು, ಒಣ ಸಿಮೆಂಟು ಚೆನ್ನಾಗಿ ಕಲೆಸಿ ಆಮೇಲೆ ನೀರು ಹಾಕುವುದು ಅಪ್ಪನ ಕ್ರಮ.

"ಯಾರನ್ನ ಕೇಳಿ ಹಿಂದ ಮುಂದ ಮಾಡಿದಿ?" ಎಂದ.

"ಕಡೀಕ ಎಲ್ಲಾ ಒಂದ ಆಗ್ತೈತಲ್ಲಪ್ಪಾ."

"ಕೆಲವು ಆಗ್ತಾವು. ಇದು ಆಗೂದಿಲ್ಲ." ಆ ಉಸುಕನ್ನು ನನ್ನ ಕೈಯಿಂದಲೇ ಎತ್ತಿಸಿ ದಾರಿಯ ತಗ್ಗಿಗೆ ಹಾಕಿಸಿದ. ಒಂಬತ್ತು ಬುಟ್ಟಿ ಆಯಿತು.

ಆ ವಾರ ಪುಸ್ತಕದಲ್ಲಿ ನಾನು ಯಾವಾಗಲೂ ಹಾರಿಸುತ್ತಿದ್ದ ಪುಟ ಓದಿದೆ. a⁰ ಅಂದರೆ 1. aⁿ⁺¹ ಅಂದರೆ aⁿ × a. ಘಾತದ ಬಗ್ಗೆ ಗೊತ್ತಿರುವುದು ಇಷ್ಟೇ, ಉಳಿದದ್ದನ್ನು ಇದರ ಮೇಲೆ ಕಟ್ಟಬೇಕು. n ಸೊನ್ನೆಯಾದಾಗ ಮಾತು ಸರಿ ಎಂದು ತೋರಿಸು. ಯಾವುದೋ ಒಂದು n ವರೆಗೆ ಸರಿಯಿದ್ದರೆ ಅದರ ಮುಂದಿನದಕ್ಕೂ ಸರಿ ಎಂದು ತೋರಿಸು. ನಾಲ್ಕು ಸಾಲು, ಒಂದೂ ಚುಕ್ಕಿ ಇಲ್ಲ. ಇಷ್ಟು ಸಣ್ಣದಕ್ಕೆ ಒಂದು ವರ್ಷ ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಕೊಪ್ಪಳದಲ್ಲಿ ಮರುಪರೀಕ್ಷೆ. ಈ ಸಲ (ab)ⁿ = aⁿ × bⁿ ಎಂದು ಸಾಧಿಸಲು ಕೇಳಿದ್ದರು. ಸೊನ್ನೆಯಿಂದ ಶುರುಮಾಡಿ, ಮೆಟ್ಟಿಲು ಬಿಡದೆ ಬರೆದೆ. ಪಾಸಾದೆ. ಬಿ.ಎಡ್. ಅರ್ಜಿಯನ್ನೂ ಹಾಕಿದೆ. ಆದರೂ ನಕಲು ತರಿಸಿದೆ. ಈ ಪ್ರಶ್ನೆಗೆ ಐದಕ್ಕೆ ಐದು ಇರಲೇಬೇಕು ಎಂಬ ಹಟ ನನ್ನದು. ನಾಲ್ಕು ಕೊಟ್ಟಿದ್ದರು.

ಅಣ್ಣ ಹನುಮೇಶ ನನಗಿಂತ ಹೆಚ್ಚು ಸಿಟ್ಟಾದ. "ಆ ಮಾಸ್ತರಿಗೆ ನಿನ್ನ ಮ್ಯಾಲ ಏನೋ ಐತಿ. ಮತ್ತ ಅರ್ಜಿ ಹಾಕೋಣ."

ಅಪ್ಪ ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡಿನ ದಾರ ಸುತ್ತುತ್ತ ಕೂತಿದ್ದ. "ಒಂದು ಯಾಕ ಹೋತು?"

"ನಡುವ bⁿ ಮುಂದ ಇತ್ತು, a ಹಿಂದ ಇತ್ತು. ನಾ ಅವನ್ನ ಅದಲು ಬದಲು ಮಾಡಿ ಬರದೆ."

"ಯಾರನ್ನ ಕೇಳಿ?"

ನಕಲನ್ನು ಮತ್ತೆ ನೋಡಿದೆ. ಆ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಎರಡೇ ಪದ ಇದ್ದವು: "ಯಾವ ನಿಯಮದಿಂದ?"

"ಕ್ಷೇತ್ರದಾಗ ಹಂಗ ಮಾಡಾಕ ನಿಯಮ ಐತಪ್ಪಾ," ಎಂದೆ. "ಆದ್ರ ಅದನ್ನ ಹೇಳಿ ಮಾಡಬೇಕಿತ್ತು."

"ನೀ ಹೇಳಿದ್ದಿಲ್ಲ?"

"ಇಲ್ಲ."

ಅಪ್ಪ ದಾರ ಸುತ್ತುವುದನ್ನು ಮುಗಿಸಿ ಗುಂಡನ್ನು ಚೀಲಕ್ಕೆ ಹಾಕಿದ. ಅಣ್ಣ ಅರ್ಜಿಯ ಮಾತು ಮತ್ತೆ ತೆಗೆದ. ಬೇಡ ಅಂದೆ. ಪರೀಕ್ಷಕರ ಜಾಗದಲ್ಲಿ ನಾನಿದ್ದರೆ ಎರಡು ಅಂಕ ಕಳೆಯುತ್ತಿದ್ದೆ.