ಗಂಗಣ್ಣನ ಹೆಸರಿನ ಜಿಎಸ್‌ಟಿ

ಗೌಡಗೆರೆಯ ನನ್ನ ಕಡಲೆಕಾಯಿ ಮಿಲ್ಲಿನಲ್ಲಿ ಹದಿನಾಲ್ಕು ಹೆಂಗಸರು ಬೀಜ ಆರಿಸುತ್ತಾರೆ. ಯುಗಾದಿ ಕಳೆದ ಮೇಲೆ, ದಿನಗೂಲಿಗೆ ಐವತ್ತು ರೂಪಾಯಿ ಸೇರಿಸಿ ಎಂದು ಕೇಳಿದರು. ನಾನು ರೇಗಿದೆ. ಸರ್ಕಾರ ಗೃಹಲಕ್ಷ್ಮಿ ಅಂತ ತಿಂಗಳಿಗೆ ಎರಡು ಸಾವಿರ ಕೊಡುತ್ತಿರುವಾಗ ನನ್ನ ಮುನ್ನೂರು ಯಾಕೆ ಸಾಲದು ಎಂದು ಬೈದೆ. ಯಾರೂ ಎದುರಾಡಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಅವರಲ್ಲಿ ಭೀಮಕ್ಕನಿಗೆ ಮೂರು ತಿಂಗಳಿಂದ ಆ ಹಣ ಬಂದಿರಲಿಲ್ಲ. ಮಗಳು ಪವಿತ್ರಳ ನರ್ಸಿಂಗ್ ಹಾಸ್ಟೆಲ್ಲಿಗೆ ಅದನ್ನೇ ಕಟ್ಟುತ್ತಿದ್ದಳು. ತಿಂಗಳ ಕೊನೆಯೊಳಗೆ ಬಾಕಿ ಕಟ್ಟದಿದ್ದರೆ ಹುಡುಗಿ ಗಂಟುಮೂಟೆ ಕಟ್ಟಬೇಕಿತ್ತು. ಭೀಮಕ್ಕ ಒಂದು ದಿನದ ಕೂಲಿ ಬಿಟ್ಟು ಶಿರಾದ ಕಚೇರಿಗೆ ಹೋಗಿ ಬಂದಳು. ಈಚೆಗೆ ಪಟ್ಟಿ ತಾಳೆ ನೋಡಿದಾಗ ಗಂಡನ ಹೆಸರಲ್ಲಿ ಜಿಎಸ್‌ಟಿ ನೋಂದಣಿ ಸಿಕ್ಕಿದೆ, ತೆರಿಗೆ ಕಟ್ಟುವ ವ್ಯಾಪಾರಸ್ಥರ ಮನೆಗೆ ಈ ಹಣ ಬರುವುದಿಲ್ಲ ಎಂದರಂತೆ.

ಹೆಂಗಸರು ನಕ್ಕರು. ಅವಳ ಗಂಡ ಗಂಗಣ್ಣ ನನ್ನಲ್ಲೇ ಮೂಟೆ ಹೊರುವವನು.

"ಏನ್ಲಾ ಗಂಗಣ್ಣ, ಸಾವ್ಕಾರ ಆಗ್ಬುಟ್ಟು ನಮ್ಗೆ ಹೇಳ್ಲೇ ಇಲ್ವಲ್ಲೋ" ಎಂದಳು ಮುದುಕಿ ದಾಕ್ಷಾಯಣಮ್ಮ.

ಗಂಗಣ್ಣ ನಗದೆ ನನ್ನ ಕಡೆ ನೋಡಿದ.

ವ್ಯಾಪಾರವೆಲ್ಲ ಒಂದೇ ಹೆಸರಲ್ಲಿದ್ದರೆ ತೆರಿಗೆ ಜಾಸ್ತಿ, ಅರ್ಧ ನಂಬಿಕಸ್ಥನೊಬ್ಬನ ಹೆಸರಿಗೆ ಹಾಕಿ ಎಂದು ಲೆಕ್ಕ ಬರೆಯುವವನು ಎರಡು ವರ್ಷದ ಹಿಂದೆ ಹೇಳಿದ್ದ. ಗಂಗಣ್ಣನ ಆಧಾರ್ ಈಸಿಕೊಂಡು ಅವನ ಹೆಸರಲ್ಲಿ ಜಿಎಸ್‌ಟಿ ಮಾಡಿಸಿದ್ದೆ. ಸಾವ್ಕಾರರು ನಂಬಿ ಕೇಳಿದರು ಎಂಬ ಹೆಮ್ಮೆಗೇ ಅವನು ಸಹಿ ಹಾಕಿದ್ದ.

ಭೀಮಕ್ಕನನ್ನು ಪಕ್ಕಕ್ಕೆ ಕರೆದು ನಡೆದದ್ದು ಹೇಳಿದೆ. ಎಲ್ಲ ಸರಿಯಾಗುವವರೆಗೆ ಎರಡು ಸಾವಿರ ನಾನೇ ಕೊಡುತ್ತೇನೆ, ಯಾರಿಗೂ ಹೇಳಬೇಡ ಎಂದೆ.

ಅವಳು ಕೂಗಾಡಲಿಲ್ಲ. "ಆ ದುಡ್ಡು ತಪ್ಪಿಸ್ದೋರೂ ನೀವೇ, ಅದ್ನೇ ತೋರ್ಸಿ ಕೂಲಿ ಇಲ್ಲ ಅಂದೋರೂ ನೀವೇ. ಸರ್ಕಾರ ಕೊಡೋದು ನಮ್ಗೋ, ನಿಮ್ಗೋ ಸಾವ್ಕಾರ್ರೆ?"

ಸಿಟ್ಟು ನೆತ್ತಿಗೇರಿತು. ನಾನು ಬೈಯುವ ಮೊದಲೇ ಅವಳು ಮುಂದುವರಿಸಿದಳು.

"ತಪ್ಪಿರೋ ಆರು ಸಾವ್ರ ಎಲ್ರ ಮುಂದೆ ಕೊಡಿ. ಆಮ್ಯಾಕೆ ಹದ್ನಾಲ್ಕು ಜನಕ್ಕೂ ಕೂಲಿ ಏರ್ಸಿ. ನಂಗೊಬ್ಳಿಗೆ ಗುಟ್ಟಾಗಿ ಬ್ಯಾಡ."

ಎರಡು ದಿನ ಮಿಲ್ಲಿನಲ್ಲಿ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದೆ. ನನಗೆ ಉಳಿಯುತ್ತಿದ್ದ ಹಣದಲ್ಲಿ ಇವರ ಪಾಲು ಎಷ್ಟಿತ್ತು ಎಂದು ಯಾವತ್ತೂ ಯೋಚಿಸಿರಲಿಲ್ಲ, ಯೋಚಿಸಿದಷ್ಟೂ ನಾಚಿಕೆಯಾಯಿತು. ಗಂಗಣ್ಣನ ಹೆಸರು ತೆಗೆಸಲು ಅರ್ಜಿ ಹಾಕಿಸಿದೆ. ತೆರಿಗೆಯೂ ಏರಿತು, ಕೂಲಿಯೂ ಏರಿತು. ಖುಷಿಯಿಂದ ಮಾಡಿದೆ ಎಂದರೆ ಸುಳ್ಳು.

ಶನಿವಾರ ಬಟವಾಡೆಯ ಹೊತ್ತಿಗೆ ಎಲ್ಲರೆದುರು ವಿಷಯ ಹೇಳಿ ಆರು ಸಾವಿರ ಕೊಟ್ಟೆ. ಭೀಮಕ್ಕ ಎಣಿಸಿ, ಹಾಸ್ಟೆಲ್ಲಿಗೆ ಕಳಿಸಲು ಆಗಲೇ ಹೊರಟಳು. ಈ ಸಲ ಯಾರೂ ನಗಲಿಲ್ಲ. ದಾಕ್ಷಾಯಣಮ್ಮ ಮಾತ್ರ ಎದ್ದು ಹತ್ತಿರ ಬಂದಳು.

"ನನ್ ಮಗನ್ ಹೆಸ್ರೂ ಎಲ್ಲಾದ್ರೂ ಹಾಕಿದ್ದೀರೇನೋ, ವಸಿ ನೋಡ್ಬುಡಿ ಸಾವ್ಕಾರ್ರೆ."

ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ.