ಎಂಟು ಸೇರಿನ ಮೇಲಿನ ಕೊಸರು

ಹೋಳೂರಿನ ರಮ್ಯಳಿಗೆ ಯಾರ ಲೆಕ್ಕ ತಪ್ಪಿದರೂ ಸುಮ್ಮನಿರೋಕೆ ಬರುತ್ತಿರಲಿಲ್ಲ. ತಪ್ಪಿದವರು ಮ್ಯಾನೇಜರ್ ಆದರೂ ಅಷ್ಟೆ. ಅದು ಅವಳ ಗುಣವೋ ಗ್ರಹಚಾರವೋ, ನೀವೇ ಹೇಳಿ.

೨೦೦೪ರ ಜನವರಿ. ಕೋಲಾರದ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬೇಕರಿ, ಅದರ ಮೇಲಿನ ಕೋಣೆಯಲ್ಲಿ ರಮ್ಯಳೂ ಸೇರಿ ನಾಲ್ಕು ಜನ ಹೆಣ್ಣುಮಕ್ಕಳು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳೇ ಪಹಣಿ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಿದ್ದರು. ತಾಲ್ಲೂಕಿಗೊಂದರಂತೆ ಮೂರು ಡ್ರೈವು, ಅಗಲ ಪಟ್ಟಿ ಕೇಬಲ್ಲಿನ ಹಳೇ ಕಾಲದವು, ಒಟ್ಟು ನೂರಿಪ್ಪತ್ತು ಜಿಬಿ. ಅಷ್ಟನ್ನೂ ಹೊಸದಾಗಿ ಎಳೆದಿದ್ದ ಫೈಬರ್ ಲೈನಿನಲ್ಲಿ ಬೆಂಗಳೂರಿಗೆ ಕಳಿಸಿ ತೋರಿಸಬೇಕಿತ್ತು. ಲೈನು ಸಿಗುವುದು ಶನಿವಾರ ಒಂದೇ ದಿನ, ಬೆಳಿಗ್ಗೆ ಏಳರಿಂದ. ಸಂಜೆ ಐದಕ್ಕೆ ಕಂದಾಯ ಇಲಾಖೆಯ ಶಾಮಲಮ್ಮನವರು ನೋಡಲು ಬರುತ್ತಾರೆ. ಅಷ್ಟರಲ್ಲಿ ಮುಗಿದಿದ್ದರೆ ಉಳಿದ ತಾಲ್ಲೂಕುಗಳ ಕೆಲಸವೂ ಇವರಿಗೇ. ಇಲ್ಲದಿದ್ದರೆ ಕೆಲಸ ಬೆಂಗಳೂರಿನವರ ಪಾಲು, ಕೋಣೆಗೆ ಬೀಗ, ನಾಲ್ವರೂ ಮನೆಗೆ.

ಮ್ಯಾನೇಜರ್ ಸಂಕರ್ಷಣ ಮುಳಬಾಗಿಲಿನ ಕಡೆಯವರು. ಒಳ್ಳೇ ಮನುಷ್ಯ, ಆದರೆ ಅವಸರ ಜಾಸ್ತಿ. ಗುರುವಾರ ಬೋರ್ಡಿನ ಮೇಲೆ ಬರೆದೇಬಿಟ್ಟರು. "ಡ್ರೈವಿನ ವೇಗ ಸೆಕೆಂಡಿಗೆ ಮೂವತ್ಮೂರು ಮೆಗಾ, ಲೈನಿನದು ಮೂವತ್ನಾಲ್ಕು ಮೆಗಾ. ಸರಿಗೆ ಸರಿ! ಒಂದು ಗಂಟೆ ಕೆಲಸ. ಶನಿವಾರ ಊಟ ಮುಗಿಸ್ಕೊಂಡು ಮೂರಕ್ಕೆ ಶುರು ಮಾಡೋಣ."

"ಸರ್, ಆ ಮೂವತ್ಮೂರೇ ಬೇರೆ, ಈ ಮೂವತ್ನಾಲ್ಕೇ ಬೇರೆ," ಅಂದಳು ರಮ್ಯ.

"ಏನಮ್ಮಾ ಬೇರೆ?"

"ಡ್ರೈವಿನವರು ಬೈಟಲ್ಲಿ ಹೇಳ್ತಾರೆ, ಲೈನಿನವರು ಬಿಟ್ಟಲ್ಲಿ ಹೇಳ್ತಾರೆ. ಅದು ಕೊಳಗ, ಇದು ಸೇರು. ಎಂಟು ಸೇರಾದ್ರೆ ಒಂದು ಕೊಳಗ. ಈ ಲೈನಲ್ಲಿ ಹೋಗೋದು ಸೆಕೆಂಡಿಗೆ ನಾಲ್ಕು ಚಿಲ್ಲರೆ ಕೊಳಗ ಅಷ್ಟೆ ಸರ್."

ಸಂಕರ್ಷಣ ಹಣೆ ಚಚ್ಚಿಕೊಂಡರು. "ಅಯ್ಯೋ ರಾಮ! ಎಂಟರಿಂದ ಭಾಗಿಸಬೇಕಿತ್ತು. ಹಂಗಾದ್ರೆ ಎಂಟು ಗಂಟೆ ಕೆಲಸ. ಒಂಬತ್ತಕ್ಕೆ ಶುರು ಮಾಡಿದ್ರೆ ಐದಕ್ಕೆ ಸರಿಯಾಗಿ ಮುಗಿಯತ್ತೆ. ಭೇಷ್ ಕಣಮ್ಮ!"

ಹೊಗಳಿಸಿಕೊಂಡು ಸುಮ್ಮನೆ ಕೂತಿದ್ದರೆ ಆಗಿತ್ತು. ಕೂರುತ್ತಾಳೆಯೇ?

"ಕೊಸರು ಬಿಟ್ರಿ ಸರ್. ಎಂಟಲ್ಲ, ಹತ್ತರಿಂದ ಭಾಗಿಸಬೇಕು. ಹತ್ತು ಗಂಟೆ ಬೇಕು, ಏಳಕ್ಕೇ ಶುರು ಮಾಡ್ಬೇಕು."

ಈ ಸಲ ಅವರಿಗೆ ರೇಗಿತು. "ಯಾವ ಪುಸ್ತಕದಲ್ಲಿದೆಯಮ್ಮಾ ಹತ್ತು?"

ಯಾವ ಪುಸ್ತಕದಲ್ಲೂ ಅಲ್ಲ, ಅವಳ ಬೆನ್ನ ಮೇಲಿತ್ತು. ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮ ಭಾರತಮ್ಮನ ಜೊತೆ ಅವರೆಕಾಳು ಮಾರಲು ಕೋಲಾರಕ್ಕೆ ಬಂದಿದ್ದಳು. ಬುಟ್ಟಿಯಲ್ಲಿ ಒಂದು ಕೊಳಗ ಕಾಳು. ಎಂಟು ಸೇರಾಯ್ತಲ್ಲ ಅಂತ ಎಂಟು ಜನಕ್ಕೆ "ಇದೆ, ನಿಂತ್ಕೊಳ್ಳಿ" ಅಂದುಬಿಟ್ಟಳು. ಕೋಲಾರದಲ್ಲಿ ಯಾರಾದರೂ ಬರೀ ಸೇರು ಅಳೆಸಿಕೊಂಡು ಹೋಗುತ್ತಾರೆಯೇ? ಪ್ರತಿಯೊಬ್ಬರಿಗೂ ಮೇಲೊಂದು ಬೊಗಸೆ ಕೊಸರು ಹಾಕಲೇಬೇಕು. ಆರು ಜನಕ್ಕೆ ಅಳೆಯುವಷ್ಟರಲ್ಲಿ ಬುಟ್ಟಿಯ ತಳ ಕಂಡಿತು. ಕಾದು ನಿಂತಿದ್ದ ಇಬ್ಬರು ತೆಲುಗಿನಲ್ಲಿ ಒಂದಿಷ್ಟು, ಕನ್ನಡದಲ್ಲಿ ಒಂದಿಷ್ಟು ಬೈದು ಹೋದರು. ಅಮ್ಮ ಎಲ್ಲರೆದುರೇ ಬೆನ್ನಿಗೆ ಒಂದು ಬಿಟ್ಟಳು. "ಎಂಟು ಸೇರು ಮಾರಬೇಕಂದ್ರೆ ಹತ್ತು ಸೇರು ತರಬೇಕು ಕಣೇ, ದೊಡ್ಡ ಲೆಕ್ಕದೋಳು!"

"ಲೈನೂ ಹಂಗೇ ಸರ್," ಅಂದಳು ರಮ್ಯ. "ಕಳಿಸೋ ಒಂದೊಂದು ತುಣುಕಿಗೂ ಎಲ್ಲಿಂದ ಬಂತು, ಎಲ್ಲಿಗೆ ಹೋಗ್ಬೇಕು ಅಂತ ವಿಳಾಸ ಅಂಟಿಸುತ್ತೆ, ತಲುಪ್ತಾ ಇಲ್ವಾ ಅಂತ ವಿಚಾರಿಸುತ್ತೆ. ಅದೇ ಕೊಸರು. ಹೋದ ವಾರ ಪರೀಕ್ಷೆಗೆ ಅಂತ ಅರ್ಧ ಗಂಟೆ ಲೈನು ಕೊಟ್ಟಿದ್ರಲ್ಲ, ಗಡಿಯಾರ ನೋಡ್ಕೊಂಡು ಬರೆದಿಟ್ಟಿದ್ದೀನಿ. ಬೀಗದ ಕೈ ನನಗೆ ಕೊಡಿ. ನನ್ನ ಮಾತು ಸುಳ್ಳಾದ್ರೆ ನೀವೇ ನನ್ನ ಕೆಲಸದಿಂದ ತೆಗೆದುಹಾಕಿ."

ಸಂಕರ್ಷಣ ಗೊಣಗುತ್ತಲೇ ಬೀಗದ ಕೈ ಕೊಟ್ಟರು.

ಶನಿವಾರ ಹೋಳೂರಿನಿಂದ ಮೊದಲ ಬಸ್ಸಿಗೆ ಬಂದು, ಏಳಕ್ಕೆ ಸರಿಯಾಗಿ ಮಾಲೂರಿನ ಡ್ರೈವು ಸಿಕ್ಕಿಸಿದಳು. ಒಂಬತ್ತಕ್ಕೆ ಬಂದ ಸಂಕರ್ಷಣ "ಏನು, ನಿನ್ನ ಕೊಸರಿಗೋಸ್ಕರ ನಿದ್ದೆ ಕೆಡಿಸ್ಕೊಂಡ್ಯಾ?" ಅಂತ ನಕ್ಕರು. ಮಧ್ಯಾಹ್ನ ಎರಡಕ್ಕೆ ನಗು ನಿಂತಿತು. ಏಳಕ್ಕೇ ಶುರುವಾಗಿದ್ದರಿಂದ ಅವರ ಲೆಕ್ಕದಲ್ಲಿ ಆ ಹೊತ್ತಿಗೆ ನೂರಕ್ಕೆ ತೊಂಬತ್ತು ಭಾಗ ಹೋಗಿರಬೇಕು. ಹೋಗಿದ್ದದ್ದು ಎಪ್ಪತ್ತೊಂದು. ಒಂಬತ್ತಕ್ಕೆ ಶುರು ಮಾಡಿದ್ದರೆ ಏನಾಗುತ್ತಿತ್ತು ಅಂತ ಅವರೇ ಲೆಕ್ಕ ಹಾಕಿ, ಬೆವರೊರೆಸಿಕೊಂಡು ಕೂತರು.

ಶಾಮಲಮ್ಮ ನಾಲ್ಕೂವರೆಗೇ ಬಂದುಬಿಟ್ಟರು. "ಏನ್ರೀ, ಇನ್ನೂ ಮುಗಿದಿಲ್ವಾ?"

ಸಂಕರ್ಷಣ ರಮ್ಯಳ ಕಡೆ ತಿರುಗಿದರು. ಅವಳು ಗಡಿಯಾರ ನೋಡಿದಳು. "ಇನ್ನು ಹದಿನೆಂಟು ನಿಮಿಷ ಮೇಡಂ. ಕಾಫಿ ಕುಡೀರಿ."

ಕಾಫಿ ಬಂತು, ಲೋಟ ಖಾಲಿಯಾಯಿತು. ನಾಲ್ಕು ನಲವತ್ತೆಂಟಕ್ಕೆ ಬೆಂಗಳೂರಿನಿಂದ ಫೋನು ಬಂತು. ಶ್ರೀನಿವಾಸಪುರದ ಕೊನೆಯ ಪುಟವೂ ಸೇರಿತು ಅಂದರು. ಉಳಿದ ಮೂವರು ಹುಡುಗಿಯರು ಚಪ್ಪಾಳೆ ತಟ್ಟಿಬಿಟ್ಟರು.

"ಮುಂದಿನದು ಕೋಲಾರ, ಬಂಗಾರಪೇಟೆ. ನಾನೂರು ಜಿಬಿ ಆಗಬಹುದು. ಎಷ್ಟು ಹೊತ್ತು ಬೇಕು?" ಶಾಮಲಮ್ಮ ಡೈರಿ ತೆಗೆದರು.

ಸಂಕರ್ಷಣ ಬಾಯಿ ತೆರೆದವರು ಮುಚ್ಚಿದರು. "ರಮ್ಯನ್ನೇ ಕೇಳಿ ಮೇಡಂ. ಇನ್ಮೇಲೆ ನಮ್ಮಲ್ಲಿ ಟೈಮು ಹೇಳೋದು ಅವಳೇ."

"ಮೂವತ್ಮೂರು ಗಂಟೆ," ಅಂದಳು ರಮ್ಯ. ಶಾಮಲಮ್ಮ ಅಷ್ಟನ್ನೇ ಬರೆದುಕೊಂಡರು.

ಮನೆಗೆ ಬಂದಾಗ ಭಾರತಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ರಮ್ಯ ಪಕ್ಕದಲ್ಲೇ ಕೂತು ಎಲ್ಲ ಹೇಳಿದಳು. ಭಾರತಮ್ಮನ ಕೈ ನಿಂತಿತು.

"ಆವತ್ತು ಅಷ್ಟು ಜನರ ಮುಂದೆ ಹೊಡೆದುಬಿಟ್ಟೆ ಕಣೇ. ನೆನೆಸ್ಕೊಂಡ್ರೆ ಇವತ್ತಿಗೂ ಕರುಳು ಚುರ್ ಅನ್ನುತ್ತೆ."

"ಆ ಏಟಿಂದ್ಲೇ ಇವತ್ತು ನಾಲ್ಕು ಜನರ ಅನ್ನ ಉಳೀತಮ್ಮಾ."

ಭಾರತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೊರವನ್ನು ಮಗಳ ಕಡೆ ಸರಿಸಿ, "ಹಂಗಾದ್ರೆ ಕಾಳು ಸಿಗದೆ ಬೈಕೊಂಡು ಹೋದ್ರಲ್ಲ ಆ ಇಬ್ರು, ಅವರು ಎಲ್ಲಿದ್ರೂ ಚೆನ್ನಾಗಿರಲಿ," ಅಂದಳು.