ಕಿಂಡಿ ಹಾಲು

ಮೂಗಿನಿಂದ ರಕ್ತ ಬಂದರೆ ಏನು ಮಾಡಬೇಕೆಂದು ನಮ್ಮ ಚಿತ್ರಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕಂದಿನಿಂದ ಪ್ರತಿ ಬೇಸಿಗೆಯಲ್ಲೂ ಅವಳಿಗೆ ಅದು ಇದ್ದದ್ದೇ. ಇದ್ದಲ್ಲೇ ಕೂತು, ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಬಾಯಲ್ಲಿ ಉಸಿರಾಡುತ್ತಾ ಹತ್ತು ನಿಮಿಷ ಸುಮ್ಮನಿರುತ್ತಿದ್ದಳು. ರಕ್ತ ನಿಲ್ಲುತ್ತಿತ್ತು. ಡಾಕ್ಟರೂ ನೋಡಿ, ಒಣ ಹವೆಗೆ ಹೀಗಾಗುತ್ತದೆ, ಬೇರೇನೂ ಇಲ್ಲ ಎಂದಿದ್ದರು. ಇಷ್ಟು ಸಣ್ಣ ಸಂಗತಿಯನ್ನು ಗಂಡಿನ ಕಡೆಯವರಿಗೆ ಹೇಳಲು ಅವಳ ತಾಯಿ, ನನ್ನ ಕುಸುಮಾ ಚಿಕ್ಕಮ್ಮನಿಗೆ, ಬಾಯಿ ಬರಲಿಲ್ಲ. ಶ್ರೀಮಂಗಲದ ದೊಡ್ಡ ಮನೆತನ ಕೈತಪ್ಪೀತು ಎಂಬ ಭಯ.

ಮದುವೆ ಏಪ್ರಿಲ್‌ನಲ್ಲಿ. ಹಾಲ್‌ನೊಳಗೆ ಬೇಯಿಸುವಂಥ ಸೆಕೆ. ಮದುಮಕ್ಕಳು ಮುಕ್ಕಾಲಿಗಳ ಮೇಲೆ ಕೂತಿದ್ದರು. ಮದುಮಗಳ ಜೊತೆಗಾತಿಯಾಗಿ, ಬೋಜಕಾರ್ತಿಯಾಗಿ, ಚಿತ್ರಾಳ ಪಕ್ಕ ನಿಂತವಳು ನಾನು, ಅವಳ ದೊಡ್ಡಪ್ಪನ ಮಗಳು ಮಾಲತಿ. ನಮ್ಮಲ್ಲಿ ಬಂದವರೆಲ್ಲ ಒಬ್ಬೊಬ್ಬರಾಗಿ ಅಕ್ಕಿ ಹಾಕಿ, ಕಿಂಡಿ ಎಂಬ ಗಿಂಡಿಯ ಕೊಳವೆಯಿಂದ ಮದುಮಕ್ಕಳ ಬಾಯಿಗೆ ಒಂದು ಗುಟುಕು ಹಾಲು ಬಿಟ್ಟು ಹರಸಬೇಕು. ಕೊನೆಯವರು ಹರಸುವ ತನಕ ಏಳುವಂತಿಲ್ಲ. ಸಾಲು ಬಾಗಿಲು ದಾಟಿ ಹೊರಗಿನ ಚಪ್ಪರದವರೆಗಿತ್ತು.

ಅರ್ಧ ಜನ ಮುಗಿದಿರಬೇಕು, ಚಿತ್ರಾ ನನ್ನ ಸೆರಗು ಎಳೆದಳು.

"ಅಕ್ಕ, ಬಂತು."

ಅವಳಾಗಲೇ ತಲೆ ಬಾಗಿಸಿ ಮೂಗಿಗೆ ಕೈ ಒಯ್ದಿದ್ದಳು. ನಾನು ಸಾಲನ್ನು ನಿಲ್ಲಿಸುವಷ್ಟರಲ್ಲಿ ಚಿಕ್ಕಮ್ಮ ಬಂದು ಅವಳ ಗದ್ದ ಹಿಡಿದು ಮೇಲಕ್ಕೆತ್ತಿದರು.

"ತಲೆ ಹಿಂದಕ್ಕೆ ಹಾಕು. ಒಂದು ಹನಿ ಕೆಳಗೆ ಬೀಳಬಾರ್ದು."

"ಹಾಗ್ ಮಾಡಿದ್ರೆ ಗಂಟಲಿಗೆ ಇಳಿಯುತ್ತೆ ಚಿಕ್ಕಮ್ಮ. ಹತ್ತು ನಿಮಿಷ ಬಿಡಿ, ನಿಲ್ಲುತ್ತೆ."

"ನೀನ್ ಸುಮ್ನಿರು ಮಾಲತಿ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ನುಂಗು ಕುಂಞಿ, ನುಂಗು ಮಗಳೇ. ವಿಡಿಯೋ ಆಗ್ತಿದೆ."

ಕುಂಞಿ ನುಂಗಿದಳು. ಸಾಲು ಮುಂದುವರಿಯಿತು. ಕಿಂಡಿಗೆ ಬಾಯೊಡ್ಡಿದಾಗಲೆಲ್ಲ ಅವಳ ತಲೆ ಇನ್ನಷ್ಟು ಹಿಂದಕ್ಕೆ ಹೋಗುತ್ತಿತ್ತು. ಹಾಲಿನ ಜೊತೆ ರಕ್ತವೂ ಒಳಗೆ. ಹೊರಗೆ ಮಾತ್ರ ಎಲ್ಲ ಚೊಕ್ಕ. ಚಿಕ್ಕಮ್ಮ ಗೆದ್ದವರಂತೆ ನನ್ನ ಕಡೆ ನೋಡಿದಾಗ ನನಗೆ ಮೈಯೆಲ್ಲ ಉರಿಯಿತು.

ನುಂಗಿದ ರಕ್ತ ಹೊಟ್ಟೆಯಲ್ಲಿ ಸುಮ್ಮನಿರುವುದಿಲ್ಲ. ಸಾಲಿನಲ್ಲಿ ಬಂದ ಕುಟ್ಟಪ್ಪಜ್ಜ ನಡುಗುವ ಕೈಯಲ್ಲಿ ಹಾಲು ಬಿಡುತ್ತಿದ್ದಾಗ ಚಿತ್ರಾ ವಾಂತಿ ಮಾಡಿಕೊಂಡಳು. ಒಡೆದ ಹಾಲು, ಕಪ್ಪು ರಕ್ತ, ಎಲ್ಲವೂ ಪಕ್ಕದಲ್ಲಿದ್ದ ಮದುಮಗ ಮಿಲನ್‌ನ ಬಿಳಿ ಕುಪ್ಯದ ಮೇಲೆ, ಆ ಉದ್ದ ನಿಲುವಂಗಿಯ ತುಂಬ. ಅವನು ಮೊದಲು ಒರೆಸಿದ್ದು ತನ್ನ ಕುಪ್ಯವನ್ನು. ಹೆಂಡತಿಯ ಬಾಯನ್ನು ಒರೆಸಿದವಳು ನಾನು.

"ಏನ್ ಕಾಯಿಲೆ ಇದು? ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದರು ಅವನ ತಾಯಿ.

"ಬರೀ ಮೂಗಿನ ರಕ್ತ, ನುಂಗಿದ್ದು ಹೊರಗೆ ಬಂತು ಅಷ್ಟೆ," ಎಂದೆ.

"ಇಲ್ಲ ಇಲ್ಲ, ಪಿತ್ತ. ಬೆಳಗ್ಗಿಂದ ಖಾಲಿ ಹೊಟ್ಟೆ," ಎಂದರು ಚಿಕ್ಕಮ್ಮ.

ಹೆತ್ತವಳೇ ಅದು ರಕ್ತವಲ್ಲ ಎಂದ ಮೇಲೆ ನನ್ನ ಮಾತು ಯಾರಿಗೆ ಬೇಕು? ಕಣ್ಣೆದುರು ರಕ್ತ ಕಂಡವರು ಪಿತ್ತವನ್ನೂ ನಂಬಲಿಲ್ಲ. ಸೀರೆ ಬದಲಾಯಿತು, ಕುಪ್ಯ ಬದಲಾಯಿತು, ಮದುವೆ ಮುಗಿಯಿತು. ನಿಂತುಹೋಗಿದ್ದರೆ ಚೆನ್ನಾಗಿತ್ತು ಎಂದು ನಾನು ಇವತ್ತೂ ಹೇಳುತ್ತೇನೆ. ಆ ಮನೆಯಲ್ಲಿ ಅವಳು ಅಂದಿನಿಂದ ಕಾಯಿಲೆಯವಳು. ಉಪ್ಪಿನಕಾಯಿ ಭರಣಿ ಮುಟ್ಟಲೂ ಬಿಡರು.

ಈ ಮಾರ್ಚ್‌ನಲ್ಲಿ ಶ್ರೀಮಂಗಲಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಚಿತ್ರಾಳ ಮೂಗಿನಿಂದ ಒಂದು ಹನಿ ಕಲ್ಲಿನ ಮೇಲೆ ಬಿತ್ತು. ಅವಳನ್ನು ಮಣೆಯ ಮೇಲೆ ಕೂರಿಸಿ, ತಲೆ ಬಾಗಿಸಿ, ನಾನೇ ಮೂಗು ಒತ್ತಿ ಹಿಡಿದೆ. ಒಂದು ನಿಮಿಷವೂ ಆಗಿರಲಿಲ್ಲ.

"ಚಿತ್ರಾ, ಕಾಫಿ ಎಲ್ಲಿ?" ಜಗುಲಿಯಿಂದ ಅತ್ತೆಯ ದನಿ.

"ಬಂದೆ ಮಾವಿ."

ಅವಳು ನನ್ನ ಬೆರಳುಗಳನ್ನು ಬಿಡಿಸಿದಳು. ಕಲ್ಲಿನ ಮೇಲಿನ ಹನಿ ಒರೆಸಿದಳು. ಆಮೇಲೆ ತಾನಾಗಿಯೇ ತಲೆಯನ್ನು ಹಿಂದಕ್ಕೆ ಚೆಲ್ಲಿ ನುಂಗಿದಳು, ಮತ್ತೊಮ್ಮೆ ನುಂಗಿದಳು.

"ಹುಚ್ಚೇ ನಿಂಗೆ? ಬಗ್ಗು," ಎಂದೆ.

"ಬಿಡು ಅಕ್ಕ. ಹೀಗಾದ್ರೆ ಯಾರಿಗೂ ಕಾಣಲ್ಲ. ವಾಂತಿ ತಡ್ಕೊಳ್ಳೋದನ್ನೂ ಕಲ್ತಿದ್ದೀನಿ," ಎಂದು ಹೇಳಿ, ಕಾಫಿ ತಟ್ಟೆ ಎತ್ತಿಕೊಂಡು ಜಗುಲಿಗೆ ಹೋದಳು.